ಅಳತೆ ತೆಗೆಯದೆ ಹೊಲಿದ ರವಿಕೆ

2018ರ ಮಾತು. ಶನಿವಾರದ ಬೆಳಗಿನ ಶಾಲೆ ಮುಗಿದು ಎಲ್ಲರೂ ಚೀಲ, ಕೊಡೆ ಎತ್ತಿಕೊಂಡು ಮನೆಗೆ ಹೊರಡುವ ಹೊತ್ತಿಗೆ ನಮ್ಮ ಸ್ಟಾಫ್ ರೂಮಿಗೆ ಟೈ ಕಟ್ಟಿದ ಇಬ್ಬರು ಹುಡುಗರು ಬಂದರು. ನಮ್ಮ ಸಾಗರದ ಜುಲೈ ಮಳೆಯಲ್ಲಿ ಟೈ ಕಟ್ಟಿಕೊಂಡು ಬಂದವರನ್ನು ಕಂಡರೆ ಯಾರಿಗಾದರೂ ಕರುಣೆ ಬಂದೀತು. ನನಗೂ ಬಂತು. "ಕೂತ್ಕೊಳ್ಳಿ ಮಕ್ಕಳೇ" ಅಂದೆ. ಅಲ್ಲಿಗೆ ಕೆಟ್ಟೆ. ಹತ್ತೇ ನಿಮಿಷದಲ್ಲಿ ನಾವು ಏಳು ಜನ ಟೀಚರುಗಳು, ಇಬ್ಬರು ಮೇಷ್ಟ್ರುಗಳು, ಓದದೆ ಯಾವ ಕಾಗದಕ್ಕೂ ರುಜು ಹಾಕಬಾರದೆಂದು ಮಕ್ಕಳಿಗೆ ವರ್ಷವಿಡೀ ಬೋಧಿಸುವವರು, ಓದದೆಯೇ ರುಜು ಹಾಕಿ ಕ್ರೆಡಿಟ್ ಕಾರ್ಡಿಗೆ ಅರ್ಜಿ ಕೊಟ್ಟುಬಿಟ್ಟಿದ್ದೆವು.

ಹುಡುಗರು ಹೇಳಿದ್ದೇನು? ಜೀವನಪರ್ಯಂತ ಫ್ರೀ. ಏರ್‌ಪೋರ್ಟಿನ ಲೌಂಜಿನಲ್ಲಿ ಪುಕ್ಕಟೆ ಊಟ. ಪೆಟ್ರೋಲ್ ಹಾಕಿಸಿದರೆ ಸರ್‌ಚಾರ್ಜ್ ಮಾಫಿ. ಸಿನಿಮಾ ಟಿಕೆಟು ಒಂದು ಕೊಂಡರೆ ಇನ್ನೊಂದು ಉಚಿತ. ಕೇಳುವಾಗ ಎಷ್ಟು ಚೆಂದ! ನಾನು ಆವರೆಗೆ ವಿಮಾನವನ್ನು ತಲೆ ಎತ್ತಿ ನೋಡಿದ್ದೆನೇ ಹೊರತು ಒಳಗೆ ಕೂತವಳಲ್ಲ. ನನ್ನ ವಾಹನವೆಂದರೆ ನನ್ನ ಎರಡು ಕಾಲು, ಅವಕ್ಕೆ ಪೆಟ್ರೋಲ್ ಬೇಡ, ಇತ್ತೀಚೆಗೆ ಮಂಡಿಗೆ ಎಣ್ಣೆ ಬೇಕು. ಸಿನಿಮಾ ನೋಡಿ ಎಷ್ಟು ವರ್ಷವಾಗಿತ್ತೋ. ಅಂದರೆ ಆ ಕಾರ್ಡಿನ ಒಂದೇ ಒಂದು ಸವಲತ್ತೂ ನನ್ನ ಬದುಕಿಗೆ ತಾಗುವುದಾಗಿರಲಿಲ್ಲ. ಆದರೂ ರುಜು ಹಾಕಿದೆ. ರವಿಕೆ ಹೊಲಿಸಲು ಹೋದಾಗ ಟೈಲರ್ ಅಳತೆ ತೆಗೆಯದಿದ್ದರೆ ಜಗಳ ಆಡುವ ನಾವು, ದುಡ್ಡಿನ ವಿಷಯದಲ್ಲಿ ಇನ್ನಾರದೋ ಅಳತೆಯ ರವಿಕೆಯನ್ನು ನಗುನಗುತ್ತ ತೊಟ್ಟುಕೊಂಡು ಬರುತ್ತೇವಲ್ಲ, ಯಾಕೆ?

ನಾನು ಬರೀ ಬಿ.ಎ., ಬಿ.ಎಡ್. ಕನ್ನಡ ಮತ್ತು ಸಮಾಜ ಹೇಳುವವಳು. ಅರ್ಥಶಾಸ್ತ್ರದ ದೊಡ್ಡ ಮಾತು ನನ್ನ ಬಾಯಲ್ಲಿ ಒಪ್ಪುವುದಿಲ್ಲ. ಆದರೆ ಕೈ ಸುಟ್ಟುಕೊಂಡವಳಿಗೆ ಒಲೆಯ ಬಗ್ಗೆ ಮಾತಾಡುವ ಹಕ್ಕು ಇದ್ದೇ ಇದೆ.

ಕೈ ಸುಟ್ಟದ್ದು ಹೀಗೆ. 2019ರಲ್ಲಿ ಮಗಳಿಗೆ ಕಾಲೇಜಿಗೆಂದು ಲ್ಯಾಪ್‌ಟಾಪ್ ಬೇಕಾಯಿತು. ನಲವತ್ತು ಸಾವಿರ. ನಮ್ಮವರನ್ನು ಕೇಳಿದರೆ ಆಗಷ್ಟೇ ಮಾಡಿನ ಹಂಚು ತೆಗೆಸಿ ಕೈ ಖಾಲಿ ಮಾಡಿಕೊಂಡು ಕೂತಿದ್ದರು. ಕಾರ್ಡು ಉಜ್ಜಿದೆ. ಮುಂದಿನ ತಿಂಗಳು ಬಿಲ್ಲು ಬಂತು. ಅದರಲ್ಲಿ ಎರಡು ಅಂಕಿ. ಒಂದು ಕಡೆ ಒಟ್ಟು ಬಾಕಿ ನಲವತ್ತು ಸಾವಿರ. ಪಕ್ಕದಲ್ಲಿ, 'ಕನಿಷ್ಠ ಪಾವತಿ' ಎಂಬ ಸೌಮ್ಯವಾದ ಹೆಸರಿನ ಕೆಳಗೆ, ಎರಡು ಸಾವಿರ. ಓಹೋ, ಇಷ್ಟು ಕೊಟ್ಟರೆ ಸಾಕೆನ್ನುತ್ತಾರೆ, ಎಷ್ಟು ಒಳ್ಳೆಯವರು ಅಂದುಕೊಂಡೆ. ನಾಲ್ಕು ತಿಂಗಳು ಎರಡೆರಡು ಸಾವಿರ ಕಟ್ಟಿದೆ. ಎಂಟು ಸಾವಿರ ತೀರಿತಲ್ಲ, ಇನ್ನುಳಿದದ್ದು ಮೂವತ್ತೆರಡು ಎಂದು ಲೆಕ್ಕ ಹಾಕಿಕೊಂಡಿದ್ದೆ. ಬಿಲ್ಲು ತೆಗೆದು ನೋಡುತ್ತೇನೆ, ಮೂವತ್ತೆಂಟೂವರೆ ಸಾವಿರ ಹಾಗೇ ಕೂತಿದೆ!

ಬ್ಯಾಂಕಿನವರು ತಪ್ಪು ಮಾಡಿದ್ದಾರೆ ಎಂದೇ ನಂಬಿದ್ದೆ. ನಮ್ಮ ಗಣಿತದ ಮೇಷ್ಟ್ರಿಗೆ ತೋರಿಸಿದೆ. ಅವರು ಸೀಮೆಸುಣ್ಣ ಹಿಡಿದು ಖಾಲಿ ಕ್ಲಾಸಿನ ಬೋರ್ಡಿನ ಮೇಲೆ ಬರೆದು ತೋರಿಸಿದರು. ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ. ನಲವತ್ತು ಸಾವಿರಕ್ಕೆ ಸಾವಿರದ ನಾನೂರು. ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ, ಅದು ಇನ್ನೂರ ಐವತ್ತೆರಡು. ಒಟ್ಟು 1,652. ನಾನು ಕಟ್ಟಿದ ಎರಡು ಸಾವಿರದಲ್ಲಿ ಸಾಲಕ್ಕೆ ಹೋಗಿ ಸೇರಿದ್ದು ಮುನ್ನೂರ ನಲವತ್ತೆಂಟು ರೂಪಾಯಿ. ಎರಡನೆಯ ತಿಂಗಳು ಅದಕ್ಕಿಂತ ಹದಿನಾಲ್ಕು ರೂಪಾಯಿ ಹೆಚ್ಚು! "ಟೀಚರೇ, ನೀವು ಕೊಡದಲ್ಲಿ ನೀರು ತರುತ್ತಿದ್ದೀರಿ, ಕೊಡಕ್ಕೆ ತಳವಿಲ್ಲ" ಅಂದರು ಮೇಷ್ಟ್ರು. ಇನ್ನೊಂದು ಸಂಗತಿಯನ್ನೂ ಅವರೇ ಓದಿ ಹೇಳಿದರು. ಪೂರ್ತಿ ಬಾಕಿ ಕಟ್ಟುವವರಿಗೆ ಮಾತ್ರ ನಲವತ್ತೈದು ಐವತ್ತು ದಿನದ ಬಡ್ಡಿಯಿಲ್ಲದ ಅವಧಿ. ಬಾಕಿ ಉಳಿಸಿಕೊಂಡರೆ ಉಳಿದ ಹಣಕ್ಕೆ ಕೊಂಡ ದಿನದಿಂದಲೇ ಬಡ್ಡಿ. ಅಷ್ಟೇ ಅಲ್ಲ, ಆ ಮೇಲೆ ಅದೇ ಕಾರ್ಡಿನಿಂದ ಅರ್ಧ ಕಿಲೋ ಬೆಲ್ಲ ಕೊಂಡರೂ ಅದಕ್ಕೆ ಬಿಟ್ಟಿ ದಿನಗಳಿಲ್ಲ.

ನಮ್ಮವರಿಗೆ ಹೇಳಲಿಲ್ಲ. ಹೇಳುವ ಧೈರ್ಯ ಆಗಲಿಲ್ಲ. ಬಳೆ ಎರಡು ತೆಗೆದುಕೊಂಡು ಹೋಗಿ ಬ್ಯಾಂಕಿನಲ್ಲಿ ಅಡವಿಟ್ಟು ಕಾರ್ಡಿನ ಸಾಲ ತೀರಿಸಿದೆ. ಬಂಗಾರದ ಸಾಲಕ್ಕೆ ವರ್ಷಕ್ಕೆ ನೂರಕ್ಕೆ ಹತ್ತರ ಆಸುಪಾಸು ಬಡ್ಡಿ. ಕಾರ್ಡಿನದ್ದು ವರ್ಷಕ್ಕೆ ನಲವತ್ತೆರಡು. ಬಳೆ ಬಿಡಿಸಿಕೊಳ್ಳಲು ಒಂದೂವರೆ ವರ್ಷ ಹಿಡಿಯಿತು. ಆ ಒಂದೂವರೆ ವರ್ಷ ಮದುವೆ ಮುಂಜಿಗಳಲ್ಲಿ "ಬಳೆ ಎಲ್ಲಿ?" ಎಂದು ಕೇಳಿದವರಿಗೆಲ್ಲ "ಕೈ ಊದಿದೆ, ಹಾಕಲಿಕ್ಕಾಗೋದಿಲ್ಲ" ಎಂದು ಸುಳ್ಳು ಹೇಳಿದ್ದೇನೆ. ಮಗಳು ಮಾತ್ರ ಹೇಗೋ ಊಹಿಸಿದ್ದಳು. ಒಂದು ದಿನ ಆ ಲ್ಯಾಪ್‌ಟಾಪಿಗೆ ಕವರು ಹಾಕುತ್ತ "ಅಮ್ಮಾ, ಇದು ಬಂಗಾರದ್ದು ಅಲ್ವಾ" ಅಂದಳು. ನಾನು ಅಡುಗೆ ಮನೆಗೆ ಎದ್ದು ಹೋದೆ.

ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ನೂರಕ್ಕೆ ಮೂರು ಬಡ್ಡಿ ಎಂದರೆ ಏನೆಂದು ಗೊತ್ತಿತ್ತು. "ಮೂರು ಬಡ್ಡಿ ಸಾಲ ಮಾಡಿದವನ ಮನೆಗೆ ಹೆಣ್ಣು ಕೊಡಬೇಡಿ" ಅನ್ನುತ್ತಿದ್ದಳು. ಇವತ್ತು ಅದೇ ಬಡ್ಡಿಯನ್ನು ಓಣಿಯ ಸಾಹುಕಾರ ಕೇಳಿದರೆ ಅದು ಮೀಟರ್ ಬಡ್ಡಿ. ಅಂಥವರನ್ನು ಹಿಡಿಯಲು ಕರ್ನಾಟಕದಲ್ಲಿ 2004ರಲ್ಲಿ ವಿಪರೀತ ಬಡ್ಡಿ ನಿಷೇಧ ಕಾಯಿದೆಯನ್ನೇ ಮಾಡಿದ್ದಾರೆ. ಬ್ಯಾಂಕು ಕೇಳಿದರೆ ಅದು 'ಫೈನಾನ್ಸ್ ಚಾರ್ಜ್'. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇಕಡಾ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಎಂದು ತೀರ್ಪು ಕೊಟ್ಟಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ನ್ಯಾಯಾಲಯದ ಮಾತನ್ನು ಆಡಿಕೊಳ್ಳುವಷ್ಟು ದೊಡ್ಡವಳಲ್ಲ ನಾನು. ಆದರೆ ಆ ಸುದ್ದಿ ಓದಿದ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರೂ ಅದರ ಬಗ್ಗೆ ಮಾತಾಡಲಿಲ್ಲವಲ್ಲ, ಅದು ನನಗೆ ನೋವಾಯಿತು. ಚಿನ್ನದ ಬೆಲೆ ಏರಿದ್ದನ್ನು ಅರ್ಧ ಗಂಟೆ ಚರ್ಚಿಸಿದೆವು.

ಇಷ್ಟು ಕೇಳಿ "ಅದಕ್ಕೇ ಹೇಳೋದು, ಹೆಂಗಸರಿಗೆ ಕಾರ್ಡು ಯಾಕೆ ಬೇಕು?" ಎನ್ನುವ ಮಹಾಶಯರು ಈಗ ಎದ್ದು ನಿಲ್ಲುತ್ತಾರೆ. ಅವರಿಗೂ ನನ್ನ ಉತ್ತರವಿದೆ. ನಮ್ಮ ಬೀದಿಯ ಗೆಳತಿಯೊಬ್ಬಳ ಗಂಡ ಮೂರು ವರ್ಷದ ಹಿಂದೆ ಹಠಾತ್ತನೆ ತೀರಿಕೊಂಡರು. ಅವಳ ಪರ್ಸಿನಲ್ಲಿ ಒಂದು ಕಾರ್ಡು ಇತ್ತು, ಗಂಡ ಪ್ರೀತಿಯಿಂದ ಮಾಡಿಸಿ ಕೊಟ್ಟ 'ಆಡ್ ಆನ್' ಕಾರ್ಡು. ಅದರ ಮೇಲೆ ಅವಳ ಹೆಸರೇ ಅಚ್ಚಾಗಿತ್ತು. ಇಪ್ಪತ್ತು ವರ್ಷ ಮನೆಯ ಸಮಸ್ತ ಖರ್ಚು ತೂಗಿಸಿದ ಹೆಂಗಸು ಅವಳು. ಗಂಡನ ಖಾತೆ ನಿಂತ ದಿನ ಆ ಕಾರ್ಡೂ ನಿಂತಿತು. ಹೆಸರು ಅವಳದಾದರೂ ಲೆಕ್ಕ, ಜವಾಬ್ದಾರಿ ಎಲ್ಲ ಮುಖ್ಯ ಕಾರ್ಡುದಾರನದು, ಅಂದರೆ ಗಂಡನದು. ಹೊಲಿಗೆ ಯಂತ್ರ ಎರಡು ಕೊಳ್ಳಲು ಸಾಲ ಕೇಳಲು ಹೋದರೆ ಬ್ಯಾಂಕಿನಲ್ಲಿ ಕಂಪ್ಯೂಟರ್ ನೋಡಿ "ನಿಮ್ಮದು ಯಾವ ದಾಖಲೆಯೂ ಇಲ್ಲವಲ್ಲಮ್ಮ" ಅಂದರಂತೆ. ಸಿಬಿಲ್ ಅಂಕ ಎಂದು ಕೇಳಿದ್ದೀರಲ್ಲ, 300ರಿಂದ 900ರವರೆಗೆ ಸಾಲಗಾರರಿಗೆ ಕೊಡುವ ಮಾರ್ಕ್ಸು. ಅವಳಿಗೆ ಫೇಲಾದ ಅಂಕವೂ ಇರಲಿಲ್ಲ. ಹಾಜರಿ ಪುಸ್ತಕದಲ್ಲೇ ಹೆಸರಿಲ್ಲದ ಹುಡುಗಿಯ ಹಾಗೆ. ಹೆಂಗಸಿಗೆ ಕಾರ್ಡು ಯಾಕೆ ಎನ್ನುವವರು ಅವತ್ತು ಅವಳ ಮುಖ ನೋಡಬೇಕಿತ್ತು.

ಆದ್ದರಿಂದ ನನ್ನ ಜಗಳ ಕಾರ್ಡಿನ ಜೊತೆಗಲ್ಲ. ಕಾರ್ಡು ನಮ್ಮನ್ನು ಆರಿಸುವುದರ ಜೊತೆಗೆ. ಅದನ್ನು ನಾವು ಆರಿಸಬೇಕು. ಆರಿಸಲು ಬೇಕಾದದ್ದು ಇಂಗ್ಲಿಷಲ್ಲ, ಬುದ್ಧಿವಂತ ಅಳಿಯನಲ್ಲ, ನಮ್ಮ ಅಡುಗೆ ಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ ಖರ್ಚಿನ ಪುಸ್ತಕ.

ನಾನು 2023ರಲ್ಲಿ ಎರಡನೆಯ ಕಾರ್ಡು ತೆಗೆದುಕೊಳ್ಳುವ ಮೊದಲು ಮೂರು ತಿಂಗಳ ಖರ್ಚು ಬರೆದಿಟ್ಟೆ. ಹಾಲು, ತರಕಾರಿ, ಹೂವು, ಮನೆಗೆಲಸದವಳ ಸಂಬಳ, ದೇವಸ್ಥಾನದ ತಟ್ಟೆಗೆ ಹಾಕಿದ್ದು, ಇವಕ್ಕೆ ಯಾವ ಕಾರ್ಡೂ ನಡೆಯುವುದಿಲ್ಲ. ಅವನ್ನೆಲ್ಲ ಹೊಡೆದು ಹಾಕಿದೆ. ಉಳಿದದ್ದು ದಿನಸಿ ಐದು ಸಾವಿರ, ನಮ್ಮಿಬ್ಬರ ಬಿಪಿ ಸಕ್ಕರೆ ಮಾತ್ರೆಗಳಿಗೆ ಎರಡು ಸಾವಿರ, ಮೊಬೈಲು ಮತ್ತು ಮೈಸೂರಿನಲ್ಲಿರುವ ಮಗಳ ಬಳಿಗೆ ಹೋಗಿಬರುವ ರೈಲಿನ ಖರ್ಚು ಸೇರಿ ಒಂದು ಸಾವಿರ. ತಿಂಗಳಿಗೆ ಎಂಟು ಸಾವಿರ. ವರ್ಷಕ್ಕೆ ತೊಂಬತ್ತಾರು ಸಾವಿರ. ಇದು ನನ್ನ ಎದೆಯಳತೆ, ತೋಳಿನ ಅಳತೆ. ಇನ್ನು ರವಿಕೆ ತೊಟ್ಟು ನೋಡೋಣ.

ಸ್ಟಾಫ್ ರೂಮಿನ ಆ ಹಳೆಯ ಕಾರ್ಡು ನೂರು ರೂಪಾಯಿಗೆ ಒಂದು ಪಾಯಿಂಟು ಕೊಡುತ್ತಿತ್ತು. ಪಾಯಿಂಟು! ಕೇಳಲು ಹೆಮ್ಮೆ. ಒಂದು ಪಾಯಿಂಟಿನ ಬೆಲೆ ಇಪ್ಪತ್ತೈದು ಪೈಸೆ. ನನ್ನ ತೊಂಬತ್ತಾರು ಸಾವಿರಕ್ಕೆ ವರ್ಷದ ಕೊನೆಗೆ ಸಿಗುವುದು ಇನ್ನೂರ ನಲವತ್ತು ರೂಪಾಯಿ. ಜೀವನಪರ್ಯಂತ ಫ್ರೀ ಅಂದದ್ದು ಒಂದೇ ವರ್ಷ ಫ್ರೀ ಎಂದು ಎರಡನೇ ವರ್ಷ ಗೊತ್ತಾಗಿತ್ತಲ್ಲ, ಆ ವಾರ್ಷಿಕ ಶುಲ್ಕ 499, ಜಿಎಸ್‌ಟಿ ಸೇರಿ 589. ಅಂದರೆ ಬಹುಮಾನ ಪಡೆಯಲು ನಾನೇ ವರ್ಷಕ್ಕೆ 349 ರೂಪಾಯಿ ಕೈಯಿಂದ ಹಾಕಬೇಕು! "ವರ್ಷಕ್ಕೆ ಒಂದು ಲಕ್ಷ ಖರ್ಚು ಮಾಡಿದರೆ ಶುಲ್ಕ ಮಾಫಿ" ಎಂಬ ಸಾಲು ಕೆಳಗೆ ಸಣ್ಣಕ್ಷರದಲ್ಲಿತ್ತು. ನಮ್ಮ ಸಹೋದ್ಯೋಗಿಯೊಬ್ಬರು ಲಕ್ಷಕ್ಕೆ ನಾಲ್ಕು ಸಾವಿರ ಕಡಿಮೆ ಬಿತ್ತೆಂದು, ಮನೆಯಲ್ಲಿ ಗಟ್ಟಿಮುಟ್ಟಾದ ಮಿಕ್ಸಿ ಇದ್ದರೂ ಆರು ಸಾವಿರದ ಹೊಸ ಮಿಕ್ಸಿ ತಂದರು. 589 ಉಳಿಯಿತು ಎಂದು ಸಂತೋಷಪಟ್ಟರು. ನಾನು ಏನೂ ಅನ್ನಲಿಲ್ಲ, ಚಟ್ನಿ ಚೆನ್ನಾಗಿತ್ತು.

ಅದರ ಬದಲು ಶುಲ್ಕವೇ ಇಲ್ಲದ, ಎಲ್ಲ ಖರ್ಚಿಗೂ ನೂರಕ್ಕೆ ಒಂದು ರೂಪಾಯಿ ವಾಪಸು ಕೊಡುವ ಸಾದಾ ಕಾರ್ಡಾದರೆ ನನಗೆ 960 ರೂಪಾಯಿ. ಹೊಳಪಿಲ್ಲ, ಲೌಂಜಿಲ್ಲ. ಒಂದು ತಿಂಗಳ ಗ್ಯಾಸ್ ಸಿಲಿಂಡರಿಗಾಗುತ್ತದೆ. ಆನ್‌ಲೈನ್ ಅಂಗಡಿಯೊಂದರಲ್ಲಿ ಕೊಂಡರೆ ನೂರಕ್ಕೆ ಐದು ಎನ್ನುವ ಕಾರ್ಡೂ ಉಂಟು. ನನ್ನ ಮಗಳಂತೆ ಸೋಪಿನಿಂದ ಚಪ್ಪಲಿವರೆಗೆ ಎಲ್ಲ ಅಲ್ಲೇ ತರಿಸುವವರಿಗೆ ಅದು ಲಾಭ. ಪೇಟೆಯ ಕಾಮತರ ಅಂಗಡಿಯಲ್ಲಿ ಕಡಲೆಬೇಳೆ ಮುಟ್ಟಿ ನೋಡಿ ಕೊಳ್ಳುವ ನನಗೆ ಅದರ ಐದೂ ಸೊನ್ನೆಯೇ. ರೈಲಿನಲ್ಲಿ ತಿಂಗಳಿಗೆ ನಾಲ್ಕು ಸಲ ಓಡಾಡುವವರಿಗೆ ರೈಲ್ವೆ ಟಿಕೆಟ್ಟಿಗೆ ಅನುಕೂಲ ಕೊಡುವ ಕಾರ್ಡು ಸರಿ. ಬೆಳಗ್ಗೆ ಸಂಜೆ ಸ್ಕೂಟರಿನಲ್ಲಿ ಹಳ್ಳಿ ಶಾಲೆಗೆ ಹೋಗುವ ಟೀಚರಿಗೆ ಪೆಟ್ರೋಲಿನದ್ದು ಸರಿ, ಅದೂ ಸರ್‌ಚಾರ್ಜಿನ ಮಾಫಿ ಎಷ್ಟು ರೂಪಾಯಿ ಮೇಲಿನ ಬಿಲ್ಲಿಗೆ ಅನ್ವಯ ಎಂದು ನೋಡಿಕೊಂಡು. ನೂರೈವತ್ತು ರೂಪಾಯಿಯ ಪೆಟ್ರೋಲಿಗೆ ಹಲವು ಕಾರ್ಡುಗಳಲ್ಲಿ ಮಾಫಿ ಇಲ್ಲ. ಕರೆಂಟು ಬಿಲ್ಲು, ವಿಮೆಯ ಕಂತು, ಬಾಡಿಗೆ, ಶಾಲೆಯ ಫೀಸು ಇವಕ್ಕೆ ಪಾಯಿಂಟು ಕೊಡುವುದನ್ನು ಇತ್ತೀಚಿನ ವರ್ಷಗಳಲ್ಲಿ ಅನೇಕ ಬ್ಯಾಂಕುಗಳು ನಿಲ್ಲಿಸಿವೆ ಇಲ್ಲವೆ ಕತ್ತರಿಸಿವೆ. ನಮ್ಮಂಥ ಸಂಬಳದವರ ದೊಡ್ಡ ಖರ್ಚು ಅವೇ ತಾನೆ? ಅದನ್ನು ಮೊದಲೇ ಕೇಳಿ.

ಇನ್ನು 'ಮಹಿಳೆಯರಿಗಾಗಿಯೇ' ಎಂದು ಗುಲಾಬಿ ಬಣ್ಣದಲ್ಲಿ ಬರುವ ಕಾರ್ಡುಗಳು. ಬ್ಯೂಟಿ ಪಾರ್ಲರಿನಲ್ಲಿ ರಿಯಾಯಿತಿ, ಒಡವೆ ಅಂಗಡಿಯಲ್ಲಿ ರಿಯಾಯಿತಿ. ಹೆಂಗಸರು ಖರ್ಚು ಮಾಡುವುದು ಮುಖಕ್ಕೆ ಮತ್ತು ಕತ್ತಿಗೆ ಮಾತ್ರ ಎಂದು ಯಾವ ಪುಣ್ಯಾತ್ಮ ಹೇಳಿದನೋ! ಅತ್ತೆಯ ಡಯಾಲಿಸಿಸ್‌ಗೆ, ಮಗನ ಟ್ಯೂಷನ್ನಿಗೆ, ಸೋರುವ ಟ್ಯಾಂಕಿಗೆ ದುಡ್ಡು ಕೊಡುವವರು ನಾವೇ ಸ್ವಾಮಿ. ಅದಕ್ಕೊಂದು ರಿಯಾಯಿತಿ ಕೊಡಿ ನೋಡೋಣ, ಬಣ್ಣ ಯಾವುದಾದರೂ ಇರಲಿ.

ಒಂದು ಮಾತನ್ನು ಮಾತ್ರ ಯಾವ ಕಾರ್ಡು ಮಾರುವ ಹುಡುಗನೂ ಕೇಳುವುದಿಲ್ಲ: "ಮೇಡಂ, ನಿಮ್ಮ ಸಂಬಳ ಯಾವ ತಾರೀಖಿಗೆ ಆಗುತ್ತೆ?" ಪಾಯಿಂಟಿಗಿಂತ ಇದು ದೊಡ್ಡದು. ಅನುದಾನಿತ ಶಾಲೆಯ ನಮಗೆ ಕೆಲವು ತಿಂಗಳು ಒಂದನೇ ತಾರೀಖು, ಕೆಲವು ತಿಂಗಳು ಹನ್ನೆರಡು. ಬಿಲ್ಲು ಕಟ್ಟುವ ಕೊನೆಯ ದಿನ ಐದಾದರೆ ಗತಿಯೇನು? ಬಿಲ್ಲಿನ ದಿನವನ್ನು ಬದಲಿಸಿಕೊಳ್ಳುವ ಅವಕಾಶವನ್ನು 2022ರಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ನಿರ್ದೇಶನದಲ್ಲೇ ಕೊಟ್ಟಿದೆ. ನಾನು ಕೇಳಿ ಬದಲಿಸಿಕೊಂಡೆ. ನನ್ನ ಕೊನೆಯ ದಿನ ಈಗ ಇಪ್ಪತ್ತನೇ ತಾರೀಖು. ಪೂರ್ತಿ ಬಾಕಿ ಖಾತೆಯಿಂದ ತಾನೇ ಕಡಿತವಾಗುವಂತೆ ಬರೆದುಕೊಟ್ಟಿದ್ದೇನೆ. 'ಕನಿಷ್ಠ' ಎಂಬ ಚೌಕಕ್ಕೆ ಟಿಕ್ ಹಾಕಲು ಬಂದ ಗುಮಾಸ್ತರ ಪೆನ್ನನ್ನು ತಡೆದೆ. ಕಾರ್ಡಿನಿಂದ ಎಟಿಎಮ್ಮಿನಲ್ಲಿ ನಗದು ತೆಗೆಯುವುದಂತೂ ಮಹಾಪಾಪ. ತೆಗೆದ ಗಳಿಗೆಯಿಂದ ಬಡ್ಡಿ, ಮೇಲೊಂದು ಶುಲ್ಕ. ಸೊನ್ನೆ ಬಡ್ಡಿಯ ಕಂತು ಎಂದು ಅಂಗಡಿಯವರು ಕರೆದಾಗಲೂ ನೆನಪಿರಲಿ, ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ಹೇಳಿತ್ತು.

2022ರಿಂದ ರೂಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಮೊಬೈಲಿನಲ್ಲೇ ಅಂಗಡಿಗೆ ಹಣ ಕೊಡಬಹುದಾಗಿದೆ. ಯಂತ್ರ ಇಡದ ನಮ್ಮ ಸಣ್ಣ ಊರಿನ ಅಂಗಡಿಗಳಿಗೆ ಇದು ಅನುಕೂಲವೇ. ನನಗೆ ಮಾತ್ರ ಭಯ. ನೋಟು ಎಣಿಸಿ ಕೊಡುವಾಗ ಕೈಗೆ ಒಂದು ನೋವು ಇರುತ್ತದೆ. ಅದು ಇಲ್ಲದಾದರೆ ಚೌತಿ ಹಬ್ಬದ ಸಂತೆಯಲ್ಲಿ ಎಲ್ಲಿ ನಿಲ್ಲಬೇಕೆಂದು ಯಾರು ಹೇಳುತ್ತಾರೆ?

ಬ್ಯಾಂಕು ನಮ್ಮ ಮನೆ ಬಾಗಿಲಿಗೆ ಬರುವುದು ನಮಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಲ್ಲ, ಆ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟು ಮನೆಗೇ ಬಂದು ಬರೆದುಕೊಳ್ಳುವನು. ನನ್ನ ಅಮ್ಮ ಮೊಸರು ಮಾರಿದ ದುಡ್ಡನ್ನು ಹಾಗೆ ಪಿಗ್ಮಿಗೆ ಕಟ್ಟಿಯೇ ನನ್ನ ಬಿ.ಎಡ್. ಫೀಸು ತುಂಬಿದ್ದು. ಆ ಏಜೆಂಟು ಸೈಕಲ್ಲಿನಲ್ಲಿ ಬಂದು ನಮ್ಮಿಂದ ಎರಡು ರೂಪಾಯಿ ಕೂಡಿಸಿಕೊಂಡು ಹೋಗುತ್ತಿದ್ದ. ಈಗಿನವನು ಟೈ ಕಟ್ಟಿಕೊಂಡು ಬಂದು ಇಲ್ಲದ ಎರಡು ಲಕ್ಷವನ್ನು ನಮ್ಮ ಕೈಗೆ ಇಟ್ಟು ಹೋಗುತ್ತಾನೆ. ಬಾಗಿಲು ಅದೇ. ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ತಿಂಗಳಿಗೆ ಇಷ್ಟು ಅರ್ಜಿ ತರಬೇಕೆಂದು ಅವರ ಕುತ್ತಿಗೆಗೂ ಯಾರೋ ಹಗ್ಗ ಕಟ್ಟಿರುತ್ತಾರೆ.

ಹೋದ ಜುಲೈಯಲ್ಲಿ ಮತ್ತೆ ಒಬ್ಬ ಬಂದಿದ್ದ. ಅದೇ ಮಳೆ, ಅದೇ ಟೈ. ನಾನು ಕೂರಿಸಿ ಚಹಾ ಕೊಟ್ಟು ಕೇಳಿದೆ: ಅರ್ಜಿಯ ಜೊತೆ ಬಡ್ಡಿ, ಶುಲ್ಕ ಎಲ್ಲ ಬರೆದ ಒಂದು ಪುಟದ ಮುಖ್ಯಾಂಶ ಪತ್ರ ಕೊಡಬೇಕಲ್ಲಪ್ಪ, ಎಲ್ಲಿ? ವರ್ಷಕ್ಕೆ ಬಡ್ಡಿ ಎಷ್ಟು, ತಿಂಗಳಿಗಲ್ಲ? ಶುಲ್ಕ ಎರಡನೇ ವರ್ಷವೂ ಇಲ್ಲ ಎಂದು ಬರೆದುಕೊಡುತ್ತೀಯಾ? ನಾನು ಕಾರ್ಡು ಮುಚ್ಚಲು ಬರೆದರೆ, ಬಾಕಿ ಇಲ್ಲದಿದ್ದಲ್ಲಿ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ ಐನೂರು ರೂಪಾಯಿ ನನಗೇ ಕೊಡಬೇಕು, 2022ರಿಂದ ಆ ನಿಯಮ ಇದೆ, ಗೊತ್ತಾ? ಹುಡುಗ ಚಹಾ ಲೋಟ ಹಿಡಿದುಕೊಂಡೇ ಬಿಟ್ಟ ಕಣ್ಣು ಬಿಟ್ಟುಕೊಂಡು ಕೇಳಿದ. "ಮೇಡಂ, ವಾಟ್ಸ್ಯಾಪಲ್ಲಿ ಕಳಿಸ್ತೀನಿ" ಅಂದ. ಕಳಿಸಲಿಲ್ಲ. ಮೊದಲ ಕಾರ್ಡು ಮುಚ್ಚಿಸಲು 2020ರಲ್ಲಿ ನಾನು ಮಾಡಿದ ಫೋನುಗಳ ಲೆಕ್ಕ ಹೇಳಿದರೆ ಈ ಪುಟ ಸಾಲದು. ಆಗ ಈ ನಿಯಮ ಇರಲಿಲ್ಲ.

ಆ ಗೆಳತಿಯ ಕತೆ ಹೇಳಿ ಅರ್ಧಕ್ಕೆ ಬಿಟ್ಟೆನಲ್ಲ. ಸಂಬಳದ ಚೀಟಿ ಇಲ್ಲದವರಿಗೂ ಒಂದು ದಾರಿ ಇದೆ, ಮುದ್ದತಿನ ಠೇವಣಿ ಇಟ್ಟು ಅದರ ಆಧಾರದ ಮೇಲೆ ಕಾರ್ಡು ಪಡೆಯುವುದು. ಗಂಡನ ವಿಮೆಯ ದುಡ್ಡಿನಲ್ಲಿ ಇಪ್ಪತ್ತೈದು ಸಾವಿರ ಠೇವಣಿ ಇಡಿಸಿದೆ. ಠೇವಣಿಗೆ ಬಡ್ಡಿಯೂ ಬರುತ್ತದೆ, ಕಾರ್ಡೂ ಸಿಗುತ್ತದೆ. ತಿಂಗಳಿಗೆ ಎರಡು ಸಾವಿರದ ನೂಲು, ಗುಂಡಿ, ಲೈನಿಂಗ್ ಬಟ್ಟೆ ಮಾತ್ರ ಅದರಲ್ಲಿ ಕೊಳ್ಳುವುದು, ಬಿಲ್ಲು ಬಂದ ದಿನವೇ ಪೂರ್ತಿ ಕಟ್ಟುವುದು. ಕಾರ್ಡು ಬಂದ ದಿನ ಅವಳು ಲಕೋಟೆ ಒಡೆಯದೆ ನಮ್ಮ ಮನೆಗೆ ತಂದಳು. ಒಡೆದು ನೋಡಿದರೆ ಹೆಸರಿನಲ್ಲಿ ಒಂದು ಅಕ್ಷರ ತಪ್ಪು. ಅವಳು ಪರವಾಗಿಲ್ಲ ಬಿಡಿ ಅಂದಳು. ನಾನು ಬಿಡಲಿಲ್ಲ. ಅಲ್ಲೇ ಜಗಲಿಯ ಮೇಲೆ ಕೂತು ಬ್ಯಾಂಕಿಗೆ ಕಾಗದ ಬರೆಸಿದೆ. ಅವಳು ಬರೆದಳು, ನಾನು ಕಾಗುಣಿತ ತಿದ್ದಿದೆ.